ಗಡಿಗೆಪ್ಪನ ವೈಫೈಗೆ ಹೊಸ ಬೀಗ

“ನಿಮ್ಮ ಪ್ರಿಂಟರಿಗೆ ಬೆಂಕಿ ಬೀಳ್ಲಿ! ಹತ್ತೂವರಿ ಬಸ್ ತಪ್ಪಿದ್ರ ನನ್ನ ಪರೀಕ್ಷಾ ನೀವು ಬರೀತೀರೇನು?” ಸೌಭಾಗ್ಯ ಮೇಜು ಗುದ್ದಿದಳು.

“ನಾನೇನ್ ಕುಂತು ಕಡ್ಲಿ ತಿನ್ನಾಕತ್ತೀನೇನವಾ?” ಗಡಿಗೆಪ್ಪನೂ ಗುಡುಗಿದ.

ಮಾನ್ವಿ ಬಸ್ ನಿಲ್ದಾಣದ ಎದುರು ಅವನದು ಆನ್‌ಲೈನ್ ಅಂಗಡಿ. ರಾಯಚೂರಿನಲ್ಲಿ ಪರೀಕ್ಷೆ ಬರೆಯಬೇಕಿದ್ದ ಸೌಭಾಗ್ಯಳಿಗೆ ಹಾಲ್ ಟಿಕೆಟ್ ಬೇಕಿತ್ತು. ಇವಳು ಮುನಿದರೆ ಅವಳ ಹಾಸ್ಟೆಲಿನ ನಲವತ್ತು ಗಿರಾಕಿಗಳೂ ಹೋದಂತೆ. ಪ್ರಿಂಟರ್ ಮಾತ್ರ ಮುನಿಸಿಕೊಂಡ ಅಳಿಯನಂತೆ ಕೂತಿತ್ತು.

ನೆಟ್ ಹಾಕಿಕೊಟ್ಟ ಅನಿಲಕುಮಾರನಿಗೆ ಫೋನು ಹೋಯಿತು.

“ಕಾಕಾ, ರೂಟರಿಗೆ ಏನರ ಮಾಡೀರೇನು?”

“ಓಣಿ ಮಂದಿ ಪುಕ್ಕಟೆ ನೆಟ್ ತಿಂತಾರಂತ ನಿನ್ನೆ ಬೀಗ ಬದಲಿ ಮಾಡೀನಿ. ವೈಫೈ ಸೆಕ್ಯುರಿಟಿ ಡಬ್ಲ್ಯೂಪಿಎ-ಟೂ ಇತ್ತು, ತ್ರೀ ಇಟ್ಟೀನಿ.”

“ನಿಮ್ಮ ಪ್ರಿಂಟರ್ ಹಳೇದು, ಅದಕ್ಕ ಟೂ ಅಷ್ಟ ತಿಳೀತದ. ವಾಪಸ್ ಟೂ ಮಾಡ್ರಿ.”

“ಮತ್ತ ಓಣಿ ಎಲ್ಲಾ ನುಗ್ತದ!”

“ಹಂಗಾರ ಎರಡೂ ನಡಿಯೂದು ಅಂತ ಒಂದದ. ಅದನ್ನ ಒತ್ರಿ.”

ಒತ್ತಿದ. ಪ್ರಿಂಟರಿನ ಕೆಂಪು ದೀಪ ಇನ್ನೂ ಜೋರಾಗಿ ಮಿಣುಕಿತು. ಸಿಟ್ಟಿಗೆದ್ದು ಮತ್ತೆ ತ್ರೀಗೇ ಇಟ್ಟು, ಪ್ರಿಂಟ್ ಗುಂಡಿಯನ್ನು ಹನ್ನೊಂದು ಸಲ ಕುಟ್ಟಿದ.

ಚಹಾ ಅಂಗಡಿಯ ಅಮೀರ್ ಸಾಬ್ ಕಪ್ಪು ಹಿಡಿದೇ ಬಂದ. “ಎರಡು ಏಟು ಹಾಕ್ರಿ, ನಮ್ಮ ರೇಡಿಯೋ ಹಂಗ ಹಾಡತೈತಿ.”

ಪಕ್ಕದ ಟೇಲರ್ ನಾಹಿದ್ ಇಣುಕಿದಳು. “ಅಣ್ಣಾ, ಹೊಸ ಬೀಗ ತೆಗೀಬ್ಯಾಡ್ರಿ. ಭಾಳ ಚಲೋ ಅದ.”

“ನೋಡು, ಈಕಿಗಿರೂ ಬುದ್ಧಿ ನಿನಗಿಲ್ಲ!” ಎಂದು ಗಡಿಗೆಪ್ಪ ತಿರುಗಿದರೆ ಸೌಭಾಗ್ಯ ಅಲ್ಲಿರಲಿಲ್ಲ.

ನಲವತ್ತು ಗಿರಾಕಿಗಳು ಕಣ್ಣ ಮುಂದೆ ಸಾಲಾಗಿ ನಡೆದು ಹೋದರು. ಹಲ್ಲು ಕಚ್ಚಿ ಹಳೆಯ ಟೂ ಇಟ್ಟ. ಪ್ರಿಂಟರ್ ಕೆಮ್ಮಿತು. ಒಂದಲ್ಲ, ಹನ್ನೊಂದು ಹಾಲ್ ಟಿಕೆಟ್ ಉಗುಳಿತು! ಅಷ್ಟರಲ್ಲಿ ಸೌಭಾಗ್ಯ ಮರೆತು ಬಿಟ್ಟುಹೋಗಿದ್ದ ಚೀಲಕ್ಕೆಂದು ಮರಳಿ ಬಂದಳು.

“ತಗೋ ಯವ್ವಾ, ಮುಂದಿನ ಜನ್ಮಕ್ಕೂ ಆತು!”

“ನಂದು ಆಗ್ಲೇ ಆತ್ರಿ.” ಅವಳ ಕೈಯಲ್ಲಿ ಬಿಸಿಬಿಸಿ ಹಾಲ್ ಟಿಕೆಟ್ಟಿತ್ತು. “ನಾಹಿದಕ್ಕ ಕೊಟ್ಟಳು.”

“ಅಕಿ ಬಟ್ಟಿ ಹೊಲೀತಾಳಲ್ಲ!”

“ಇವತ್ತಿಂದ ಪ್ರಿಂಟೂ ಕೊಡ್ತಾಳಂತ. ಹೊಚ್ಚ ಹೊಸ ಪ್ರಿಂಟರ್. ನಿಮ್ಮ ನೆಟ್ಟಿಗೆ, ನಿಮ್ಮ ತ್ರೀಗೆ ಒಂದ ಸಲಕ್ಕ ಕೂಡಿತಂತ.”

“ಪಾಸ್‌ವರ್ಡ್ ಯಾರ್ ಕೊಟ್ರು?”

ಅಮೀರ್ ಸಾಬ್ ಚಹಾ ಹೀರಿ, ಅಂಗಡಿಯ ಬೋರ್ಡಿನತ್ತ ಬೆರಳು ತೋರಿಸಿದ. “ನಿಮ್ಮ ಫೋನ್ ನಂಬರೇ ಅಲ್ಲೇನ್ರಿ? ಅಷ್ಟು ದಪ್ಪ ಅಕ್ಷರದಾಗ ಬರಸೀರಿ, ನನಗ ಚಷ್ಮಾ ಸೈತ ಬೇಕಾಗಿಲ್ಲ.”

ಹೊರಗೆ ರಾಯಚೂರು ಬಸ್ಸು ಹಾರನ್ ಹೊಡೆಯಿತು. ಸೌಭಾಗ್ಯ ಚೀಲ ಹೆಗಲಿಗೇರಿಸಿ ನಗುತ್ತ ಓಡಿದಳು. ಪರೀಕ್ಷೆ ಪಾಸಾಗಿ ಮಾನ್ವಿಗೆ ಬಂದ ಮೇಲೂ ಅವಳು ಗಡಿಗೆಪ್ಪನ ಮೆಟ್ಟಿಲು ತುಳಿಯಲಿಲ್ಲ.