ವೀರಗಲ್ಲಿಗೆ ಅರಿಶಿನ ಹಚ್ಚಿದ ಪ್ರಸಂಗ

ಇತಿಹಾಸವನ್ನು ಮಕ್ಕಳಿಗೆ ರುಚಿಸುವಂತೆ ಕಲಿಸಬಲ್ಲವರು ಇಡೀ ದೊಡ್ಡಬಳ್ಳಾಪುರದಲ್ಲಿ ಯಾರಾದರೂ ಇದ್ದರೆ ಅದು ನಾನೇ ಎಂಬ ವಿಷಯದಲ್ಲಿ, ತೊಂಬತ್ತರ ದಶಕದ ಆರಂಭದಲ್ಲಿ, ನನಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ಹೈಸ್ಕೂಲಿನ ಪಾಠದ ಜೊತೆಗೆ ಊರಿನ ವಸ್ತುಸಂಗ್ರಹಾಲಯದ ಉಸ್ತುವಾರಿಯೂ ನನ್ನದೇ. ವಸ್ತುಸಂಗ್ರಹಾಲಯವೆಂದರೆ ಒಂದು ಕೋಣೆ. ಅದರೊಳಗೆ ಮುರಿದ ಕೈಮಗ್ಗ, ಕೆಲವು ತಾಮ್ರದ ಪಾತ್ರೆ, ಒಂದು ವೀರಗಲ್ಲು. ತಪ್ಪದೆ ಬರುತ್ತಿದ್ದವು ಜೇಡಗಳು ಮಾತ್ರ!

ಕೋಣೆ ಕೊಟ್ಟಿದ್ದ ಪುಟ್ಟಸ್ವಾಮಪ್ಪನವರು ಪವರ್‌ಲೂಮ್ ಇಟ್ಟವರು. ಒಂದು ದಿನ ಹೇಳಿಯೇಬಿಟ್ಟರು: "ಮೇಷ್ಟ್ರೇ, ಜನ ಬರ್ದೇ ಇದ್ರೆ ಆ ಕಲ್ಲು ಆಚೆ ಹಾಕ್ಸಿ ನೂಲಿನ ಮೂಟೆ ಇಡ್ತೀನಿ."

ಆ ಕೋಣೆಯೆಂದರೆ ನನಗೆ ಪ್ರಾಣ. ತಕ್ಷಣವೇ ಶಾಲಾಮಕ್ಕಳಿಗಾಗಿ ಪ್ರತಿ ಶನಿವಾರ ಶೈಕ್ಷಣಿಕ ಕಾರ್ಯಕ್ರಮ ಘೋಷಿಸಿದೆ.

ಮೊದಲ ಶನಿವಾರ ಬೆಳಿಗ್ಗೆ ನೋಡಿದರೆ ಕಲ್ಲಿನ ಕೆತ್ತನೆ ಸವೆದು ಏನೂ ಕಾಣುತ್ತಿಲ್ಲ. ಗೆರೆಗಳಿಗೆ ಬಣ್ಣ ತುಂಬಿದರೆ ಕಂಡೀತು ಎಂದು ನನ್ನ ಸಂಶೋಧಕ ಬುದ್ಧಿ ಹೇಳಿತು. ಸೀಮೆಸುಣ್ಣ ಸಿಗಲಿಲ್ಲ. ಮನೆಗೆ ಓಡಿ ಅರಿಶಿನದ ಡಬ್ಬಿ ತಂದು ತಿಕ್ಕಿದೆ. ಕತ್ತಿ ಹಿಡಿದ ವೀರ, ಅವನ ಸುತ್ತ ಹಸುಗಳು, ಎಲ್ಲ ಎದ್ದು ಬಂದವು!

ಡಬ್ಬಿ ಹುಡುಕಿಕೊಂಡು ಬಂದ ನನ್ನ ಹೆಂಡತಿ ಸಾವಿತ್ರಿ ಬೆಚ್ಚಿಬಿದ್ದಳು. "ಅರಿಶಿನ ಹಚ್ಚಿ ಕುಂಕುಮ ಇಡ್ದೇ ಬಿಡ್ತಾರೇನ್ರೀ? ಒಳ್ಳೇದಲ್ಲ."

ಕುಂಕುಮ ಇಟ್ಟಳು. ಎರಡು ಕಣಗಿಲೆ ಹೂವನ್ನೂ ಸಿಕ್ಕಿಸಿದಳು. ಚೆಂದ ಕಾಣುತ್ತದೆಂದು ನಾನೂ ಸುಮ್ಮನಾದೆ. ಅಲ್ಲೇ ಕೆಟ್ಟಿತು!

ಮಕ್ಕಳು ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಎಂಥಾ ಶಿಸ್ತು! ಕಲ್ಲಿಗೆ ಕೈಮುಗಿದರು. ಪರಂಪರೆಯ ಮೇಲೆ ಎಂಥಾ ಗೌರವ! ನಾನು ಉಬ್ಬಿಹೋದೆ. ಊರಿನ ಹಸುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಈತ ಜೀವ ಕೊಟ್ಟನೆಂದು ಆವೇಶದಿಂದ ವಿವರಿಸಿದೆ.

"ಸಾರ್, ನಮ್ಮ ಹಸು ಮೊನ್ನೆಯಿಂದ ಮೇವು ಮುಟ್ತಿಲ್ಲ" ಎಂದಳು ಒಬ್ಬ ಹುಡುಗಿ.

"ಹಸು ಅಂದ್ರೆ ಇವನು ಸುಮ್ನಿರೋನೇ ಅಲ್ಲಮ್ಮಾ!" ಎಂದೆ ಉತ್ಸಾಹದಲ್ಲಿ.

ಮುಂದಿನ ಶನಿವಾರ ಬೀಗ ತೆಗೆಯಲು ಹೋದರೆ ಬೀದಿ ತುಂಬ ಜನ. ತೆಂಗಿನಕಾಯಿ, ಊದುಬತ್ತಿ, ಸಾಲಾಗಿ ಹಸುಗಳು, ಒಂದು ಎಮ್ಮೆ! ಆ ಹುಡುಗಿಯ ಹಸು ಮರುದಿನವೇ ಮೇವು ತಿಂದಿತ್ತಂತೆ.

"ಅಮ್ಮಾ, ಇದು ದೇವಸ್ಥಾನ ಅಲ್ಲ" ಎಂದು ಗೋಗರೆದೆ.

"ಮೊದ್ಲು ಮಂಗಳಾರತಿ ಮಾಡಿ ಸಾಮಿ, ಆಮೇಲೆ ಪಾಠ ಮಾಡೋರಂತೆ" ಎಂದು ಒಬ್ಬ ಅಜ್ಜಿ ತಟ್ಟೆಯನ್ನು ನನ್ನ ಕೈಗೆ ತುರುಕಿದಳು. ಅಷ್ಟರಲ್ಲಿ ಎಮ್ಮೆ ಒಳನುಗ್ಗಿ, ವೀರಗಲ್ಲಿನ ಪಕ್ಕ ನಾನು ಮುತ್ತಿನಂಥ ಅಕ್ಷರದಲ್ಲಿ ಬರೆದು ಅಂಟಿಸಿದ್ದ ವಿವರಣೆಯನ್ನು ಕಿತ್ತು ತಿಂದುಬಿಟ್ಟಿತು.

"ಮೇಯ್ತು! ನಮ್ಮೆಮ್ಮೆ ಮೇಯ್ತು!" ಎಂದು ಅಜ್ಜಿ ಕೂಗಿದಳು. ಪವಾಡ ನಂಬರ್ ಎರಡು!

ಆಗಲೇ ಪುಟ್ಟಸ್ವಾಮಪ್ಪನವರು ಬರಬೇಕೇ? ನನ್ನ ಕೈಯಲ್ಲಿ ಮಂಗಳಾರತಿ ತಟ್ಟೆ, ಪಕ್ಕದಲ್ಲಿ ಎಮ್ಮೆ. ಇನ್ನು ನೂಲಿನ ಮೂಟೆ ಬಂದಂತೆಯೇ ಎಂದುಕೊಂಡೆ. ಅವರು ನನ್ನನ್ನು ನೋಡಿದರು. ಕಲ್ಲನ್ನು ನೋಡಿದರು. ಚಪ್ಪಲಿ ಬಿಟ್ಟು ಕೆನ್ನೆ ಬಡಿದುಕೊಂಡರು.

"ತಪ್ಪಾಯ್ತು ಮೇಷ್ಟ್ರೇ. ಸಾಮೀನೇ ಆಚೆ ಹಾಕ್ತೀನಿ ಅಂದ್ಬಿಟ್ಟಿದ್ದೆ! ನಾನಿರೋವರ್ಗೂ ಈ ಕೋಣೆ ನಿಮ್ದೇ."

ಉಸ್ಸಪ್ಪಾ! ಹೋದ ಜೀವ ಬಂದಂತಾಯಿತು. ಕೋಣೆ ಉಳಿಯಿತು, ಶನಿವಾರದ ಕಾರ್ಯಕ್ರಮವೂ ಉಳಿಯಿತು. ಪಾಠ ಕೇಳಿದವರಿಗೆ ಮಾತ್ರ ಪ್ರಸಾದ ಎಂದು ಕಟ್ಟುನಿಟ್ಟು ಮಾಡಿದ್ದರಿಂದ ನನ್ನ ಪಾಠವನ್ನು ಒಬ್ಬರೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಆ ವರ್ಷ ಶಾಲಾ ತಪಾಸಣೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರಿಗೆ ಇದನ್ನೆಲ್ಲ ಹೆಮ್ಮೆಯಿಂದ ವರದಿ ಮಾಡಿದೆ. ಅವರು ತಲೆದೂಗಿ, ವಸ್ತುಸಂಗ್ರಹಾಲಯದಲ್ಲಿ ಮೇಷ್ಟ್ರು ಏನು ಕಲಿಸಿದರೆಂದು ಮಕ್ಕಳನ್ನು ಕೇಳಿದರು.

ಇಡೀ ತರಗತಿ ಎದ್ದು ನಿಂತು ಒಕ್ಕೊರಲಿನಿಂದ ಹೇಳಿತು: "ಎಡಗೈಲಿ ಪ್ರಸಾದ ಇಸ್ಕೋಬಾರ್ದು ಅಂತ ಸಾರ್!"