ನಲವತ್ತೆರಡಕ್ಕೆ ನಲವತ್ತೆರಡು ಕಿಲೋಮೀಟರು

ನಲವತ್ತು ದಾಟಿದ ಹೆಂಗಸೊಬ್ಬಳು ಚೂಡಿದಾರದ ಕೆಳಗೆ ಬಿಳಿ ಶೂ ಹಾಕಿಕೊಂಡು ಚೆನ್ನೈ ರಸ್ತೆಯಲ್ಲಿ ಓಡತೊಡಗಿದರೆ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಅಟ್ಟಿಸಿಕೊಂಡು ಬರುತ್ತವೆ.

ನಾನು ಅಡ್ಯಾರಿನ ಒಂದು ಶಾಲೆಯಲ್ಲಿ ಗಣಿತದ ಟೀಚರ್ ಆಗಿದ್ದೆ. ಹುಟ್ಟಿದ್ದು ಮಂಡ್ಯದಲ್ಲಿ. ಮದುವೆಯಾಗಿ ಸೇರಿದ್ದು ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ಕನ್ನಡದವರ ಮನೆಯನ್ನು. ನಲವತ್ತೆರಡನೇ ವಯಸ್ಸಿನಲ್ಲಿ ಡಾಕ್ಟರು ನನ್ನ ರಕ್ತಪರೀಕ್ಷೆಯ ಕಾಗದ ನೋಡಿ, "ಸಕ್ಕರೆ ಬಾಗಿಲ ಹತ್ತಿರ ಬಂದು ನಿಂತಿದೆಯಮ್ಮ, ಒಳಗೆ ಕರೀಬೇಡಿ" ಅಂದರು. ಇದೇ ಕಾಯಿಲೆಯಲ್ಲಿ ನಮ್ಮಮ್ಮ ಒಂದು ಕಾಲು ಕಳೆದುಕೊಂಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನಮ್ಮ ಶಾಲೆಯಿಂದ ನಿವೃತ್ತರಾಗಿದ್ದ ಡ್ರಿಲ್ ಮೇಷ್ಟ್ರು ನಾಲ್ಕು ಜನರಿಗೆ ಮ್ಯಾರಥಾನಿಗೆ ತರಬೇತಿ ಕೊಡುತ್ತಿದ್ದರು. ನಾನು ಐದನೆಯವಳಾಗಿ ಸೇರಿದೆ. ಮೇಷ್ಟ್ರು ಓಡುತ್ತಿರಲಿಲ್ಲ. ಮೊಪೆಡ್ಡಿನ ಮೇಲೆ ಕೂತು ಸೀಟಿ ಊದುತ್ತಿದ್ದರು.

ಎಲ್ಲಿಗೂ ಇಲ್ಲ

ಮೊದಲ ವಾರ ನಾಚಿಕೆಗೆ ಒಬ್ಬಳೇ ಓಡಿ ನೋಡೋಣ ಎಂದು ಬೆಳಗಿನ ಐದಕ್ಕೇ ಹೊರಟೆ. ಎರಡು ಬೀದಿ ದಾಟುವಷ್ಟರಲ್ಲಿ ಪಕ್ಕಕ್ಕೆ ಒಂದು ಆಟೋ ಬಂತು. ಡ್ರೈವರು ತಮಿಳಿನಲ್ಲಿ, "ಹತ್ತಮ್ಮ. ಎಷ್ಟು ಗಂಟೆಗೆ ಟ್ರೈನು?" ಅಂದ.

"ಟ್ರೈನಿಲ್ಲಪ್ಪ."

"ಹಾಗಾದ್ರೆ ಆಸ್ಪತ್ರೆಯಾ? ಬಾಡಿಗೆ ಆಮೇಲೆ ನೋಡ್ಕೊಳ್ಳೋಣ, ಮೊದಲು ಹತ್ತಿ."

ಅವನ ಮುಖದಲ್ಲಿ ನಿಜವಾದ ಗಾಬರಿ ಇತ್ತು. ಏದುಸಿರಿನಲ್ಲೇ, "ನಾನು ಎಲ್ಲಿಗೂ ಹೋಗ್ತಿಲ್ಲಪ್ಪ" ಅಂದೆ. ಅವನು ಆಟೋ ನಿಧಾನ ಮಾಡಿ ಇನ್ನೂ ಸ್ವಲ್ಪ ದೂರ ಜೊತೆಗೇ ಬಂದ. ಕೊನೆಗೆ ತಡೆಯಲಾರದೆ ಕೇಳಿದ:

"ಎಲ್ಲಿಗೂ ಹೋಗದೆ ಇರೋದಕ್ಕೆ ಇಷ್ಟು ಅವಸರ ಯಾಕಮ್ಮ?"

ಕಾರ್ತಾಲೆಯ ಫೋನು

ನಮ್ಮತ್ತೆಯ ಕನ್ನಡದಲ್ಲಿ ಅರ್ಧ ತಮಿಳು. ಬೆಳಗ್ಗೆ ಅನ್ನುವುದಕ್ಕೆ ಅವರು 'ಕಾರ್ತಾಲೆ' ಅನ್ನುತ್ತಾರೆ, ಮೇಷ್ಟ್ರು ಅನ್ನುವುದಕ್ಕೆ 'ವಾಧ್ಯಾರ್'. ಒಂದು ಭಾನುವಾರ ಆರು ಗಂಟೆಗೆ ಟ್ರಿಪ್ಲಿಕೇನಿನಿಂದ ಅವರ ನಾದಿನಿ, ಅಂದರೆ ನನ್ನ ಗಂಡನ ಸೋದರತ್ತೆ, ನನ್ನನ್ನು ಕೇಳಿಕೊಂಡು ಫೋನ್ ಮಾಡಿದರು. ಅತ್ತೆ ಕೊಟ್ಟ ಉತ್ತರವನ್ನು ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ನನ್ನ ಮಗಳು ನನಗೆ ಆಮೇಲೆ ಒಂದಕ್ಷರ ಬಿಡದೆ ಹೇಳಿದಳು.

"ಅವಳು ಎಲ್ಲಿದಾಳೆ? ಕಾರ್ತಾಲೆ ನಾಲ್ಕೂವರೆಗೇ ಓಡಿಹೋದಳು."

ಆ ಕಡೆಯಿಂದ ಏನೋ ಪ್ರಶ್ನೆ.

"ಆ ಡ್ರಿಲ್ ವಾಧ್ಯಾರ್ ಜೊತೆ. ಅವರು ಮೊಪೆಡ್ ತಂದಿದ್ದರು."

ಇನ್ನೊಂದು ಪ್ರಶ್ನೆ.

"ಇದೇನು ಹೊಸದಾ? ವಾರಕ್ಕೆ ನಾಲ್ಕು ದಿನ ಓಡಿಹೋಗ್ತಾಳೆ."

ಮತ್ತೂ ಒಂದು.

"ಅವನು ಏನಂತಾನೆ? ಶೂ ತೆಗೆಸಿಕೊಟ್ಟವನೇ ಅವನು."

ಎಂಟು ಗಂಟೆಗೆ ನಾನು ಬೆವರಿನಲ್ಲಿ ತೊಯ್ದು ಮನೆಗೆ ಬಂದರೆ ಸೋದರತ್ತೆ ನಡುಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದರು. ಅತ್ತೆ ಎಷ್ಟು ಬಿಡಿಸಿ ಹೇಳಿದರೂ ಮನೆಯ ಮಾನ ಮುಚ್ಚಲು ಆಡುವ ಮಾತು ಎಂದೇ ಅವರು ತಿಳಿದಿದ್ದರಂತೆ. ನನ್ನನ್ನು ಕಂಡವರೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು:

"ವಾಪಸ್ ಬಂದ್ಯಲ್ಲಮ್ಮ, ಅಷ್ಟು ಸಾಕು. ನಾವ್ಯಾರೂ ಏನೂ ಕೇಳೋದಿಲ್ಲ."

ಎಮ್ಮೆಯ ಲೆಕ್ಕ

ಶಾಲೆಯಿರುವ ದಿನಗಳಲ್ಲಿ ಅಡ್ಯಾರಿನಿಂದ ಪೆರುಂಗುಡಿಯವರೆಗೆ ಓಡಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಅಲ್ಲಿ ಒಂದೊಂದಾಗಿ ಗಾಜಿನ ಆಫೀಸುಗಳು ಏಳುತ್ತಿದ್ದ ಕಾಲ. ಆದರೂ ಎಮ್ಮೆಗಳು ರಸ್ತೆ ಬಿಟ್ಟುಕೊಟ್ಟಿರಲಿಲ್ಲ. ಆ ದಾರಿಯಿಂದ ಶಾಲೆಯ ವ್ಯಾನಿನಲ್ಲಿ ಬರುವ ಮಕ್ಕಳು ನನ್ನನ್ನು ನೋಡುತ್ತಿದ್ದರು ಅನ್ನುವುದು ನನಗೆ ಗೊತ್ತಿರಲಿಲ್ಲ.

ಏಳನೇ ತರಗತಿಗೆ ಕಾಲ ಮತ್ತು ದೂರದ ಪಾಠ ಮುಗಿಸಿ, ಸ್ವಂತವಾಗಿ ಒಂದು ಲೆಕ್ಕ ಬರೆದು ತನ್ನಿ ಎಂದಿದ್ದೆ. ಒಬ್ಬಳು ಹುಡುಗಿ ಅಂದವಾದ ಅಕ್ಷರದಲ್ಲಿ ಬರೆದು ತಂದಳು: "ಒಬ್ಬರು ಟೀಚರ್ ಮತ್ತು ಒಂದು ಎಮ್ಮೆ ಒಂದೇ ಹೊತ್ತಿಗೆ ಅಡ್ಯಾರ್ ಬಿಡುತ್ತಾರೆ. ಟೀಚರ್ ಓಡುತ್ತಾರೆ. ಎಮ್ಮೆ ನಡೆಯುತ್ತದೆ. ಪೆರುಂಗುಡಿಯಲ್ಲಿ ಟೀಚರಿಗಾಗಿ ಎಮ್ಮೆ ಎಷ್ಟು ಹೊತ್ತು ಕಾಯಬೇಕು?"

ಕೆಳಗೆ ಇಬ್ಬರ ವೇಗವನ್ನೂ ಬರೆದಿದ್ದಳು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಹತ್ತಕ್ಕೆ ಹತ್ತು ಕೊಟ್ಟೆ.

ಲಗೇಜ್ ಟಿಕೆಟ್

ಒಂದು ಭಾನುವಾರ ಮೇಷ್ಟ್ರು, ಸಮುದ್ರದ ರಸ್ತೆ ಹಿಡಿದು ಉತ್ತರಕ್ಕೆ ಕಾಸಿಮೇಡಿನ ಮೀನು ಬಂದರಿನವರೆಗೆ ಓಡಿ ಅಂದರು. ಜೊತೆಯ ನಾಲ್ವರು ಕಾಸಿಮೇಡು ಮುಟ್ಟಿ ಹಿಂದಿರುಗುವಾಗ ನನಗೆ ಎದುರಾದರು. ಮೇಷ್ಟ್ರ ಮೊಪೆಡ್ಡೂ ಅವರ ಹಿಂದೆಯೇ ಹೋಯಿತು. ನಾನು ಬಂದರು ಸೇರುವಷ್ಟರಲ್ಲಿ ಮೀನಿನ ಹರಾಜು ಜೋರಾಗಿ ನಡೆಯುತ್ತಿತ್ತು. ಅಲ್ಲೇ ನನ್ನ ಎಡಗಾಲಿನ ಮೀನಖಂಡ ಕಲ್ಲಾಗಿ ಹಿಡಿದುಕೊಂಡು, ಕೂಗಿ ಕುಸಿದೆ.

ಮೀನು ಮಾರುವ ಹೆಂಗಸೊಬ್ಬಳು ವ್ಯಾಪಾರ ಬಿಟ್ಟು ಎದ್ದು ಬಂದಳು. ಖಾಲಿ ಪೆಟ್ಟಿಗೆ ಬೋರಲು ಹಾಕಿ ನನ್ನನ್ನು ಕೂರಿಸಿದಳು. ಮೀನಿನ ಮೇಲಿದ್ದ ಐಸನ್ನು ಬೊಗಸೆ ತುಂಬ ತೆಗೆದು ಕಾಲಿಗೆ ಒತ್ತಿದಳು, ತಿಕ್ಕಿದಳು, ಮತ್ತೆ ಒತ್ತಿದಳು. ಅರ್ಧ ಗಂಟೆ. ಅವಳ ಗಿರಾಕಿಗಳು ಪಕ್ಕದವಳ ಬುಟ್ಟಿಗೆ ಹೋಗುತ್ತಿದ್ದರು. "ನಿನ್ನ ವ್ಯಾಪಾರ ಕೆಡ್ತಿದೆಯಮ್ಮ" ಅಂದರೆ, "ಮೀನು ನಾಳೆಯೂ ಬರುತ್ತೆ. ನಿಂಗೆ ಇರೋದು ಎರಡೇ ಕಾಲು" ಅಂದಳು. ನನಗೆ ನಮ್ಮಮ್ಮನ ನೆನಪಾಯಿತು. ಈ ಕಾಲಿನಲ್ಲಿ ನಾನು ಇವತ್ತೂ ನಡೆದಾಡುವುದು ಅರ್ಧ ಅವಳ ಪುಣ್ಯ.

ಕುಂಟುತ್ತಾ ಬಸ್ ಹತ್ತಿದೆ. ಈರುಳ್ಳಿಯನ್ನೂ ಮುಟ್ಟದ ಮನೆಯ ಸೊಸೆ ನಾನು. ನನ್ನ ಸುತ್ತಲಿನ ಮೂರು ಸೀಟು ತಾವಾಗಿ ಖಾಲಿಯಾದವು. ಕಂಡಕ್ಟರು ಬಂದು ಟಿಕೆಟ್ ಹರಿದು, ಮೂಗು ಮೇಲೆತ್ತಿ, "ಲಗೇಜಿಗೂ ತಗೊಳ್ಳಿ" ಅಂದ.

"ಲಗೇಜಿಲ್ಲ."

ಅವನು ಬಗ್ಗಿ ಸೀಟಿನ ಕೆಳಗೆ ನೋಡಿದ. ಹಿಂದಿನ ಸೀಟಿನ ಕೆಳಗೂ ನೋಡಿದ. ನೆಟ್ಟಗೆ ನಿಂತು ಬಹಳ ಬೇಸರದಿಂದ ಹೇಳಿದ:

"ಇಷ್ಟು ದೊಡ್ಡ ಬುಟ್ಟಿ ಎಲ್ಲಿ ಬಚ್ಚಿಟ್ಟಿದ್ದೀರಮ್ಮ?"

ಅರ್ಜಿ

ಎಂಟು ತಿಂಗಳ ಮೇಲೆ ಓಟದ ದಿನ ಬಂತು. ಮೂವತ್ತನಾಲ್ಕನೇ ಕಿಲೋಮೀಟರಿನಲ್ಲಿ ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ. ಒಂದು ಆಂಬುಲೆನ್ಸು, ಅದರ ಮುಂದೆ ಬೈಕಿನಲ್ಲಿ ಟ್ರಾಫಿಕ್ ಪೊಲೀಸು, ಅಷ್ಟೇ. ಪೊಲೀಸಿನವರು ಹತ್ತಿರ ಬಂದು, "ರಸ್ತೆ ಬಿಡಬೇಕು ಮೇಡಂ. ಆಂಬುಲೆನ್ಸ್ ಹತ್ತಿ, ಗುರಿಯವರೆಗೆ ಬಿಡ್ತೀವಿ" ಅಂದರು.

"ಎಂಟು ತಿಂಗಳು ಓಡಿದೀನಿ ಸಾರ್. ಇನ್ನು ಉಳಿದಿರೋದು ಎಂಟೇ ಕಿಲೋಮೀಟರ್" ಅಂದೆ. ಅನ್ನುವಾಗ ಅಳು ಬಂದುಬಿಟ್ಟಿತು.

ಅವರು ನನ್ನ ಮುಖ ನೋಡಿದರು, ಶೂ ನೋಡಿದರು, ಗಡಿಯಾರ ನೋಡಿದರು. "ಸರಿ, ಓರವಾಗಿ ಓಡಿ. ನಾನು ಹಿಂದೆ ಬರ್ತೀನಿ" ಅಂದರು.

ಮುಂದೆ ನಾನು, ಹಿಂದೆ ದೀಪ ಹಾಕಿಕೊಂಡ ಪೊಲೀಸ್ ಬೈಕು, ಅದರ ಹಿಂದೆ ಆಂಬುಲೆನ್ಸು. ಟೀ ಅಂಗಡಿಯಲ್ಲಿ ಕೂತವರು ಎದ್ದು ನಿಂತರು. ಒಬ್ಬರು ಕೈ ಮುಗಿದರು, ನಾನೂ ಮುಗಿದೆ. ಒಂದು ಬೀದಿಯ ಬಾಯಲ್ಲಿ ಅಜ್ಜಿಯೊಬ್ಬರು ಅಡ್ಡ ಬಂದು, ಮಡಿಸಿದ ಕಾಗದವೊಂದನ್ನು ನನ್ನ ಕೈಗೆ ತುರುಕಿ, "ನೀವೇ ನೋಡಿ ಏನಾದ್ರೂ ಮಾಡಬೇಕು ತಾಯಿ" ಅಂದರು. ನಾನು ಅಂಥ ದೊಡ್ಡವಳಲ್ಲ ಎಂದು ಬಿಡಿಸಿ ಹೇಳಲು ಉಸಿರೆಲ್ಲಿತ್ತು? ತಲೆಯಾಡಿಸಿ ಓಡಿದೆ.

ಗುರಿ ಮುಟ್ಟುವಾಗ ಶಾಮಿಯಾನ ಬಿಚ್ಚುತ್ತಿದ್ದರು. ಪೊಲೀಸಿನವರು ಬೈಕಿನಿಂದಲೇ ಕೂಗಿದ್ದಕ್ಕೆ ಇಬ್ಬರು ಆಳುಗಳು ಕಂಬ ಕೆಳಗಿಟ್ಟು, ಶಾಮಿಯಾನದ ಹಗ್ಗವನ್ನೇ ಅಡ್ಡ ಹಿಡಿದರು. ಅದನ್ನು ಎದೆಯಿಂದ ತಳ್ಳಿ ದಾಟಿದೆ. ಗಂಡ, ಮಗಳು, ಮೇಷ್ಟ್ರು, ಆ ಆಳುಗಳು, ಎಲ್ಲರೂ ಚಪ್ಪಾಳೆ ತಟ್ಟಿದರು. ತಿರುಗಿ ಪೊಲೀಸಿನವರಿಗೆ ನಮಸ್ಕಾರ ಹೇಳಬೇಕೆಂದರೆ ಅವರಾಗಲೇ ರಸ್ತೆ ಬಿಡಿಸಲು ಹೋಗಿಯಾಗಿತ್ತು.

ಮನೆಯಲ್ಲಿ ಮಗಳು ಒದ್ದೆ ಕಾಗದ ಬಿಡಿಸಿ ಓದಿದಳು. ಬೀದಿಯ ಕೈಪಂಪು ಕೆಟ್ಟಿದೆ, ಸರಿಮಾಡಿಸಿ ಎಂಬ ಅರ್ಜಿ. ಒಪ್ಪಿಕೊಂಡು ತಂದ ಮೇಲೆ ಬಿಡುವುದು ಹೇಗೆ? ಶಾಯಿ ಹರಡಿದ್ದ ಕಾಗದವನ್ನು ಮತ್ತೆ ಚೆನ್ನಾಗಿ ಬರೆಸಿ, ಕುಂಟಿಕೊಂಡೇ ಹೋಗಿ ಆ ವಾರ್ಡಿನ ಆಫೀಸಿಗೆ ಕೊಟ್ಟೆ. ಮೂರು ವಾರ ಬಿಟ್ಟು ಆ ಬೀದಿಗೆ ಹೋಗಿ ನೋಡಿದರೆ ಪಂಪಿನಲ್ಲಿ ನೀರು. ಕೊಡ ತುಂಬಿಸುತ್ತಿದ್ದ ಅಜ್ಜಿ ನನ್ನ ಗುರುತು ಹಿಡಿದು ಕೈ ಹಿಡಿದುಕೊಂಡರು.

"ಅಜ್ಜಿ, ನಾನು ದೊಡ್ಡ ಮನುಷ್ಯಳಲ್ಲ. ಆವತ್ತು ಓಟದಲ್ಲಿ ಎಲ್ಲರಿಗಿಂತ ಕೊನೆಯಲ್ಲಿ ಬಂದವಳು" ಎಂದು ನಿಜ ಹೇಳಿದೆ.

"ಗೊತ್ತು ಬಿಡಮ್ಮ" ಅಂದರು ಅಜ್ಜಿ. "ಬೆಳಗ್ಗೆಯಿಂದ ಮುಂದೆ ಓಡಿದವರಿಗೆಲ್ಲ ಕಾಗದ ಕೊಡೋಕೆ ಹೋದೆ, ಒಬ್ಬರೂ ಕೈಗೆ ಸಿಗಲಿಲ್ಲ. ಬರೋ ವರ್ಷವೂ ಹೀಗೇ ನಿಧಾನವಾಗಿ ಬಾ. ಬೀದಿ ದೀಪದ್ದೊಂದು ಬಾಕಿ ಇದೆ."