ಮಾರೋಕೆ ಮುಂಚೆ ಸಾವಿರ ಕಿಲೋಮೀಟರ್

ಎಲ್ಲರೂ ಗಾಡಿ ಕೆಟ್ಟ ಮೇಲೆ ಮಾರುತ್ತಾರೆ. ನಮ್ಮಪ್ಪ ಮಾತ್ರ ಮಾರುವುದಕ್ಕೋಸ್ಕರವೇ ಎಂಜಿನ್ ಪೂರ್ತಿ ಬಿಚ್ಚಿಸಿ ಹೊಸದಾಗಿ ಕಟ್ಟಿಸಿದರು. "ಹೊಗೆ ಕಾರೋ ಗಾಡೀನ ಇನ್ನೊಬ್ಬರ ತಲೆಗೆ ಕಟ್ಟಿ, ಆಮೇಲೆ ದಾರೀಲಿ ಸಿಕ್ಕಾಗ ಮುಖ ಮರೆಸ್ಕೊಂಡು ಓಡಾಡೋಕೆ ನನ್ನಿಂದಾಗಲ್ಲ" ಎಂದು ಅವರ ವಾದ. ಇಂಥ ಧರ್ಮರಾಯನಿಗೆ ಮಗಳಾಗಿ ಹುಟ್ಟಿದ್ದೇ ನನ್ನ ಕಷ್ಟಗಳಿಗೆಲ್ಲ ಮೂಲ, ಕೇಳಿ.

ನಮ್ಮ ಡೀಸೆಲ್ ಕಾರು ನನಗಿಂತ ಎರಡು ವರ್ಷಕ್ಕೆ ದೊಡ್ಡದು. (ಮನೆಯಲ್ಲಿ ಮರ್ಯಾದೆಯೂ ಅದಕ್ಕೇ ಜಾಸ್ತಿ.) ಗೇಟಿನೊಳಗೆ ಅದು ನಿಂತರೆ ನಾವೆಲ್ಲ ಹೊಟ್ಟೆ ಒಳಗೆಳೆದುಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆದು ಬಾಗಿಲು ಸೇರಬೇಕು. ಹಾಗಾಗಿ ನನ್ನ ಬೈಕಿನ ಅರ್ಜಿಗೆ ಅಪ್ಪ ಕೊಟ್ಟ ತೀರ್ಪು ಇದು: "ಕಾರು ಹೋಗಿ ಜಾಗ ಖಾಲಿಯಾದ ದಿನ ನಿನ್ನ ಬೈಕು. ಅಲ್ಲೀವರೆಗೂ ಬಾಯಿ ತೆಗೀಬೇಡ." ಕೆಂಪು ಬೈಕು ರೀ! ಅದನ್ನು ನೋಡಲು ಶೋರೂಮಿಗೆ ಎಷ್ಟು ಸಲ ಹೋಗಿದ್ದೆನೆಂದರೆ, ಅಲ್ಲಿನ ಕಾವಲುಗಾರ ನನ್ನನ್ನು ಅಲ್ಲೇ ಕೆಲಸ ಮಾಡುವವಳೆಂದು ತಿಳಿದು, "ಯಾಕಮ್ಮ ಇವತ್ತು ಲೇಟು?" ಎಂದಿದ್ದ.

ಗಾಡಿ ತರಲು ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಮಾಮ ಕೈ ಒರೆಸಿಕೊಳ್ಳುತ್ತಾ ಬಾಂಬ್ ಹಾಕಿದರು. "ಈಗಲೇ ಮಾರಬೇಡಿ. ಒಳಗೆಲ್ಲಾ ಹೊಸ ಸಾಮಾನು, ಒಂದಕ್ಕೊಂದು ಹೊಂದ್ಕೋಬೇಕು. ಸಾವಿರ ಕಿಲೋಮೀಟರ್ ಓಡಿಸಿ, ಐವತ್ತರ ಸ್ಪೀಡು ದಾಟಿಸ್ಬೇಡಿ. ಎಂಜಿನ್ ಪಳಗಿದ ಮೇಲೆ ತನ್ನಿ, ಆಯಿಲ್ ಬದಲಾಯಿಸಿ ಕೊಡ್ತೀನಿ. ಆಮೇಲೆ ಯಾರಿಗ್ ಬೇಕಾದ್ರೂ ಕೊಡಿ."

"ಹೊಂದ್ಕೊಳ್ಳದೇ ಹೋದ್ರೆ ಮಾಮ?"

"ಮತ್ತೆ ನನ್ನ ಹತ್ರಾನೇ ಬರುತ್ತೆ." ಹೇಳುವಾಗ ಅವರ ಮುಖದಲ್ಲಿ ದುಃಖವೇನೂ ಕಾಣಲಿಲ್ಲ.

ಅಪ್ಪನಿಗೆ ಆಫೀಸು. ಅಮ್ಮನಿಗೆ ಸ್ಟೀರಿಂಗ್ ಕಂಡರೆ ಬೆವರು. ಸಾವಿರ ಕಿಲೋಮೀಟರಿನ ಈ ಮಹಾಯಾತ್ರೆ ನನ್ನ ಹೆಗಲಿಗೇ ಬಿತ್ತು. ಒಬ್ಬಳೇ ಎಲ್ಲಿಗೆ ಅಂತ ಓಡಿಸಲಿ? ಆಗ ಹೊಳೆಯಿತು ನೋಡಿ ಐಡಿಯಾ. (ನನ್ನ ಐಡಿಯಾಗಳಿಗೆ ತಲೆ ನನ್ನದು, ಪೆಟ್ಟೂ ನನಗೇ.) ಅಜ್ಜಿಯ ಕೋಣೆಗೆ ಹೋಗಿ, "ಅಜ್ಜಿ, ಎಲ್ಲಿಗೆ ಬೇಕೋ ಹೇಳು, ಕರ್ಕೊಂಡು ಹೋಗ್ತೀನಿ" ಎಂದೆ.

ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಸ್ಟಾಂಪು ಮಾರಿ ರಿಟೈರ್ ಆದ ನಮ್ಮಜ್ಜಿ, ಮಂಡಿ ನೋವು ಶುರುವಾದ ಮೇಲೆ ಕಣ್ಣಾಸ್ಪತ್ರೆ ಬಿಟ್ಟರೆ ಬೇರೆ ಲೋಕ ಕಂಡಿರಲಿಲ್ಲ. ನನ್ನನ್ನು ಅನುಮಾನದಿಂದ ನೋಡಿ, "ಏನು ತಪ್ಪು ಮಾಡಿದ್ದೀಯೇ?" ಎಂದರು.

ಮೊದಲ ದಿನ ಊರಿನ ಆ ತುದಿಯಲ್ಲಿರುವ ಅವರ ಗೆಳತಿಯ ಮನೆ. ನಾಲ್ಕು ವರ್ಷ ಬರೀ ಫೋನಿನಲ್ಲಿ ಜಗಳವಾಡಿದ್ದವರು, ಅವತ್ತು ಎದುರೆದುರು ಕೂತು ಮನಸಾರೆ ಜಗಳವಾಡಿದರು. ಎರಡನೇ ದಿನ ಕೆರೆ ದಂಡೆ. ಮೂರನೇ ದಿನದಿಂದ ಪಟ್ಟಿಯೇ ತಯಾರು: ದರ್ಜಿ, ಲೈಬ್ರರಿ, ಹಳೇ ಅಂಚೆ ಕಚೇರಿ, ಮತ್ತೆ ಗೆಳತಿ. ಸೈಕಲ್ಲುಗಳು ನಮ್ಮನ್ನು ಹಿಂದಿಕ್ಕಿದವು. ಒಮ್ಮೆ ಒಂದು ನಾಯಿ ನಮ್ಮನ್ನು ಅಟ್ಟಿಸಿಕೊಂಡು ಬಂದು, ಬೇಜಾರಾಗಿ ಮುಂದೆ ಹೋಯಿತು. ಅಜ್ಜಿಗೆ ಮಾತ್ರ ಪರಮಾನಂದ. "ಹೀಗೆ ಓಡಿಸಿದ್ರೇನೇ ಕಣೇ ಊರು ಕಾಣೋದು" ಎನ್ನುತ್ತಿದ್ದರು.

ಐದು ವಾರಕ್ಕೆ ಸಾವಿರ ಮುಗಿಯಿತು. ಆಯಿಲ್ ಬದಲಾಯಿತು. ಜಾಹೀರಾತು ಹಾಕಿದ ಮರುದಿನವೇ, ಭಾನುವಾರ ಅಪ್ಪ ಮನೆಯಲ್ಲಿದ್ದಾಗ, ಬೇಕರಿಯ ಯಜಮಾನರು ಬಂದರು, ಬ್ರೆಡ್ಡು ಸಾಗಿಸಲು ಗಾಡಿ ಬೇಕಿತ್ತಂತೆ. "ಎಂಜಿನ್ ಕೆಲಸ ಆಗಿದೆಯಂತೆ?" ಎಂದು ಸಾವಿನ ಮನೆಯಲ್ಲಿ ವಿಚಾರಿಸುವ ದನಿಯಲ್ಲಿ ಕೇಳಿದರು. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆದು ಮೇಲೆ ಅಂಗೈ ಹಿಡಿದರು. ಸವೆದ ಎಂಜಿನ್ನಾದರೆ ಅಲ್ಲಿಂದ ಎಣ್ಣೆ ಉಗುಳುತ್ತದಂತೆ; ಇದರಲ್ಲಿ ಒಂದು ಹನಿಯೂ ಸಿಡಿಯಲಿಲ್ಲ. ಹುಬ್ಬು ಮೇಲೇರಿತು.

ಸಮಯ ನೋಡಿ ನಾನು ನಾಲಿಗೆ ಹರಿಬಿಟ್ಟೆ. "ಬೆಣ್ಣೆ ಸರ್, ಬೆಣ್ಣೆ! ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟು. ಇನ್ನು ಹತ್ತು ವರ್ಷ ಚಿಂತೆಯಿಲ್ಲ. ಹೊಸದು ತಗೊಂಡ್ರೂ ಈ ಸುಖ ಇಲ್ಲ. ನನ್ನ ಕೇಳಿದ್ರೆ, ಇಂಥ ಗಾಡಿ ಮಾರೋರು ದಡ್ಡರು ಸರ್. ಕೊಡೋಕೆ ಕರುಳು ಕಿತ್ತು ಬರ್ತಿದೆ." ಇಷ್ಟು ಹೇಳಿ ಕಣ್ಣನ್ನೂ ಒರೆಸಿಕೊಂಡೆ.

"ಆಯ್ತಮ್ಮ, ನಂಗೊಪ್ಪಿಗೆ" ಎಂದರು ಯಜಮಾನರು.

ಆಗ ಕಾರಿನ ಮುಂದಿನ ಸೀಟಿನಿಂದ ದನಿ ಬಂತು. ದಿನಾ ಸುತ್ತಾಟಕ್ಕೆ ಹೊರಡುವ ನಾಲ್ಕು ಗಂಟೆಯಾಯಿತೆಂದು ಅಜ್ಜಿ ಕೈಚೀಲ ಹಿಡಿದು ಯಾವಾಗಲೋ ಬಂದು ಕೂತಿದ್ದರು. "ಲೋ ಮಗನೇ, ನಿನ್ನ ಮಗಳು ಹೇಳಿದ್ದು ಕೇಳಿಸ್ತಾ? ಮಾರೋರು ದಡ್ಡರಂತೆ. ಹತ್ತು ವರ್ಷ ಓಡುತ್ತಂತೆ. ನಂಗೂ ಅಷ್ಟೇ ಸಾಕು. ಇವರು ಕೊಡೋದನ್ನೇ ನಾನೂ ಕೊಡ್ತೀನಿ. ಗಾಡಿ ನಂದು."

ಅಪ್ಪ ತಬ್ಬಿಬ್ಬು. "ಅಮ್ಮಾ, ನಿಂಗೆ ಓಡಿಸೋಕೆಲ್ಲಿ ಬರುತ್ತೆ?"

"ಇವರು ಬ್ರೆಡ್ಡಿಗೋಸ್ಕರ ತಗೋತಿದ್ದಾರಲ್ಲ, ಬ್ರೆಡ್ಡಿಗೆ ಓಡಿಸೋಕೆ ಬರುತ್ತೇನೋ?"

ಬೇಕರಿ ಯಜಮಾನರು ಬಿದ್ದು ಬಿದ್ದು ನಕ್ಕು, "ತಗೊಳ್ಳಿ ತಾಯಿ, ನಿಮ್ಮ ಮುಂದೆ ನನ್ನದೇನು" ಎಂದು ಕೈಮುಗಿದು ಹೊರಟೇಬಿಟ್ಟರು. ನಾನು ಗೇಟಿನವರೆಗೂ ಅವರ ಹಿಂದೆ ಓಡಿದೆ, ಪ್ರಯೋಜನವಾಗಲಿಲ್ಲ.

"ಅಪ್ಪಾ, ಕಾರು ಮಾರಾಟ ಆಯ್ತಲ್ಲ, ಬೈಕು?"

"ಮಾರಾಟ ಆಯ್ತು, ಹೋಗಿಲ್ಲವಲ್ಲ! ಆ ಜಾಗ ಈಗ ಅಜ್ಜಿ ಗಾಡೀದು. ಅವರನ್ನೇ ಕೇಳು."

ಕೇಳಿದೆ. "ಬೈಕಾ? ಅದ್ರಲ್ಲಿ ನಾನೆಲ್ಲಿ ಕೂರಲೇ?" ಎಂದರು ಅಜ್ಜಿ.

ಈಗ ವಾರಕ್ಕೆ ನಾಲ್ಕು ದಿನ ನಾನು ಅಜ್ಜಿಯ ಅಧಿಕೃತ ಸಾರಥಿ. ನಿಜ ಹೇಳಬೇಕೆಂದರೆ ಬೇಜಾರಿಲ್ಲ. ಅಜ್ಜಿ ಮತ್ತು ಗೆಳತಿಯ ಜಗಳದಲ್ಲಿ ತೀರ್ಪು ಹೇಳುವ ಪದವಿಯೂ ಸಿಕ್ಕಿದೆ. ನಿನ್ನೆ ಕೆರೆ ರಸ್ತೆ ಪೂರ್ತಿ ಖಾಲಿಯಿತ್ತು. ಸಾವಿರ ಮುಗಿದಿದೆಯಲ್ಲ ಎಂದು ಕಾಲು ಸ್ವಲ್ಪ ಒತ್ತಿದೆ. ಮುಳ್ಳು ಐವತ್ತೈದಕ್ಕೆ ಬಂತು.

"ಐವತ್ತು" ಎಂದರು ಅಜ್ಜಿ, ಕಿಟಕಿಯಿಂದ ಕಣ್ಣು ತೆಗೆಯದೆ.

"ಅಜ್ಜಿ, ಎಂಜಿನ್ ಪಳಗಿದೆ!"

"ಎಂಜಿನ್ ಪಳಗಿದೆ ಕಣೇ. ಡ್ರೈವರ್ ಇನ್ನೂ ಪಳಗಬೇಕು."